ತರಗತಿಯೂ ಯಂತ್ರಸಾಧನಗಳೂ



ವಿಷಯಕ್ಕೆ ಬರುವ ಮುನ್ನ ತಮಗೆ ಒಂದು ಪ್ರಶ್ನೆಯನ್ನು ಹಾಕಬೇಕೆಂದಿದ್ದೇನೆ. ಉಪಾಧ್ಯಾಯ ವೃತ್ತಿಯವನಿಗೆ ಇದು ಬಿಡಲಾಗದ ಚಾಳಿ, ಕ್ಷಮಿಸಬೇಕು. ಒಂದು ಕಲ್ಲನ್ನು ನೆಟ್ಟಗೆ ಮೇಲಕ್ಕೆ ಎಸೆದಿದ್ದೀರಿ ಎಂದಿಟ್ಟುಕೊಳ್ಳಿ. ಕಲ್ಲು ಕೈಯನ್ನು ಬಿಟ್ಟಾಗಿದೆ. ಆದರೂ ಇನ್ನೂ ಏರುತ್ತಲೇ ಇದೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ. ಆ ಕ್ಷಣದಲ್ಲಿ ಕಲ್ಲಿನ ಮೇಲಿರುವ ಬಲ ಯಾವ ದಿಕ್ಕಿನದು? ಮೇಲ್ಮುಖವೆ, ಕೆಳಮುಖವೆ, ಅಥವಾ ಎರಡೂ ಉಂಟೆ? ನಾನು ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರುತ್ತೇನೆ. ಅಷ್ಟರಲ್ಲಿ ತಾವು ಒಂದು ಉತ್ತರವನ್ನು ಮನಸ್ಸಿನಲ್ಲಿ ಗಟ್ಟಿಮಾಡಿಕೊಳ್ಳಬೇಕು. ಪಕ್ಕದಲ್ಲಿ ಯಾರಾದರೂ ಕುಳಿತಿದ್ದರೆ ಅವರ ಉತ್ತರವೇನೆಂದು ಕೇಳಿಕೊಂಡರೆ ಇನ್ನೂ ಒಳ್ಳೆಯದು.

(ಇಲ್ಲಿ ಸ್ವಲ್ಪ ಹೊತ್ತು ಮೌನ.)

ಉತ್ತರವನ್ನು ಕಡೆಗೆ ಹೇಳುತ್ತೇನೆ. ಪಾಠ ಹೇಳುವುದಕ್ಕೆ ಯಂತ್ರಸಾಧನಗಳಿಂದ ಎಷ್ಟರ ಮಟ್ಟಿಗೆ ಸಹಾಯವಾದೀತೆಂಬುದು ನನ್ನ ಇಂದಿನ ವಿಷಯ. ಆದರೆ ಈಗ ನಾವೆಲ್ಲರೂ ಸೇರಿ ಕಳೆದ ಆ ಹತ್ತೆಣಿಕೆಯ ಮೌನವೇ ನನ್ನ ವಿಷಯವೆಂದರೂ ತಪ್ಪಾಗಲಾರದು. ಅದು ಹೇಗೆಂಬುದು ಮುಂದೆ ತಿಳಿಯುತ್ತದೆ.

ಸಾಧನ, ಉಪಕರಣ ಎಂದಕೂಡಲೇ ನಮ್ಮ ಮನಸ್ಸಿಗೆ ಕಂಪ್ಯೂಟರು, ಪ್ರೊಜೆಕ್ಟರು, ಮೊಬೈಲುಗಳು ಬರುತ್ತವೆ; ಸೀಮೆಸುಣ್ಣ ಬರುವುದಿಲ್ಲ. ಬಳಕೆಯಿಂದ ಸವೆದ ವಸ್ತುವನ್ನು ಯಾರೂ ಯಂತ್ರಸಾಧನವೆನ್ನುವುದಿಲ್ಲವಷ್ಟೆ. ಆದರೆ ನಮ್ಮ ಹಿಂದಿನವರ ಕೂಲಿಮಠಗಳಲ್ಲಿಯೂ ಸಾಧನಗಳಿದ್ದುವು. ಅಯ್ಯನವರ ಮುಂದೆ ಸಾಲಾಗಿ ಕುಳಿತ ಹುಡುಗರು ನೆಲದ ಮೇಲೆ ಮರಳನ್ನು ಹರಡಿ ಬೆರಳಿನಿಂದ ಓನಾಮವನ್ನು ತಿದ್ದುತ್ತಿದ್ದರು. ಈ ಮರಳಿನ ಬರವಣಿಗೆ ಸಾಮಾನ್ಯವಾದುದಲ್ಲ. ಮದರಾಸಿನ ಎಗ್ಮೂರಿನಲ್ಲಿ ಅನಾಥ ಬಾಲಕರ ಶಾಲೆಯೊಂದನ್ನು ನಡೆಸುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ದೇಶೀಯ ಶಾಲೆಯ ಮಕ್ಕಳು ಹೀಗೆ ಬರೆಯುವುದನ್ನು ಕಂಡು, ಅದನ್ನು ತನ್ನ ಶಾಲೆಯಲ್ಲಿ ಜಾರಿಗೆ ತಂದನು; 1797ರಲ್ಲಿ ಲಂಡನ್ನಿನಲ್ಲಿ ಅದನ್ನು ಕುರಿತು ಪುಸ್ತಕವನ್ನೂ ಅಚ್ಚುಮಾಡಿಸಿದನು. ಇಂಗ್ಲೆಂಡಿನಲ್ಲಿ ಮದರಾಸು ಪದ್ಧತಿಯೆಂದು ಹೆಸರಾದುದು ಅದೇ.

ನಮ್ಮ ಕನ್ನಡನಾಡಿನಲ್ಲಿ ಇನ್ನೊಂದು ಸಾಧನವಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತವೇ ಅದು. ಬರೆದುದು ಬೇಡವಾದರೆ ಅಳಿಸಿ ಮತ್ತೆ ಕಪ್ಪು ಬಳಿದರಾಯಿತು. ಶೃಂಗೇರಿಯ ಮಠದಲ್ಲಿ ಇಂಥ ಕಡತಗಳು ರಾಶಿಯಾಗಿ ಉಳಿದುಬಂದಿವೆ. ಇಂದಿನ ಕಚೇರಿಗಳಲ್ಲಿ ಕಾಗದದ ಕಟ್ಟನ್ನು ಕಡತವೆನ್ನುವಾಗ ಈ ಕರಿಬಟ್ಟೆಯ ನೆನಪು ಯಾರಿಗೂ ಆಗುವುದಿಲ್ಲ. ಕರಿಹಲಗೆಯಾದರೋ ಇದಕ್ಕಿಂತ ಈಚಿನದು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಎಡಿನ್‌ಬರೋ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ಜೇಮ್ಸ್ ಪಿಲನ್ಸ್ ಅವರು ಬಣ್ಣದ ಸೀಮೆಸುಣ್ಣದಿಂದ ಹಲಗೆಯ ಮೇಲೆ ಭೂಪಟಗಳನ್ನು ಬರೆದು ಭೂಗೋಳವನ್ನು ಹೇಳಿಕೊಡುತ್ತಿದ್ದರೆಂದು ಪ್ರತೀತಿಯಿದೆ.

ಮರಳು, ಕಡತ, ಹಲಗೆ ಈ ಮೂರಕ್ಕೂ ಸಮಾನವಾದ ಒಂದು ಗುಣವುಂಟು: ಮೂರೂ ನಿಧಾನ. ಉಪಾಧ್ಯಾಯನು ಹಲಗೆಯ ಮೇಲೆ ಒಂದು ಸಮೀಕರಣವನ್ನು ಬರೆಯಲು ಎಷ್ಟು ಹೊತ್ತು ಬೇಕೋ, ವಿದ್ಯಾರ್ಥಿಯು ಅದನ್ನು ಹಿಂಬಾಲಿಸಲು ಸುಮಾರಾಗಿ ಅಷ್ಟೇ ಹೊತ್ತು ಬೇಕು. ಮೇಷ್ಟರ ಕೈ ಒಂದು ಕಡೆ ತಡೆದರೆ, ಇಲ್ಲಿ ಏನೋ ತೊಡಕಿದೆಯೆಂದು ಹಿಂದಿನ ಬೆಂಚಿನವನಿಗೂ ತಿಳಿಯುತ್ತದೆ. ಮೇಷ್ಟರು ತಪ್ಪಿದರೆ ಅಂಗೈಯಿಂದ ಒರಸಿ ತಿದ್ದುತ್ತಾರೆ. ತಿದ್ದುವುದು ಹೇಗೆಂಬುದನ್ನೂ ಹುಡುಗರು ಅಲ್ಲಿಯೇ ನೋಡುತ್ತಾರೆ. ಹಲಗೆಯ ಈ ಗುಣಗಳನ್ನು ಅದು ಇದ್ದಷ್ಟು ದಿವಸ ನಾನು ಗಮನಿಸಿರಲಿಲ್ಲ.

ಹೊಸ ಯಂತ್ರವೊಂದು ಬಂದಾಗಲೆಲ್ಲ ವಿದ್ಯಾಭ್ಯಾಸದ ಕಷ್ಟವು ಇನ್ನು ತೀರಿತೆಂದು ಹೇಳುವವರು ಹುಟ್ಟಿಕೊಳ್ಳುತ್ತಾರೆ. ಇನ್ನು ಕೆಲವೇ ಕಾಲದಲ್ಲಿ ಶಾಲೆಗಳಲ್ಲಿ ಪುಸ್ತಕಗಳು ನಿರುಪಯುಕ್ತವಾಗುವುವು, ಚಲಚ್ಚಿತ್ರದಿಂದಲೇ ಎಲ್ಲವನ್ನೂ ಕಲಿಸಬಹುದು ಎಂದು 1913ರಲ್ಲಿ ಥಾಮಸ್ ಎಡಿಸನ್ ನುಡಿದರು. ಅವರಂತಹ ಮೇಧಾವಿಯ ಮಾತೇ ಹೀಗಾದರೆ ಉಳಿದವರ ಪಾಡೇನು? ಅನಂತರ ರೇಡಿಯೋ ಬಂತು. ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಒಂದು ಪುಟ್ಟ ಪ್ರೇಷಕಯಂತ್ರವನ್ನಿಟ್ಟು ಪ್ರಸಾರವನ್ನು ಪ್ರಾರಂಭಿಸಿದರು, ಅದೇ ಆಕಾಶವಾಣಿ. ಕಲಾಶಾಲೆಯ ಉಪಾಧ್ಯಾಯರೊಬ್ಬರು ತರಗತಿಯ ಗೋಡೆಯಾಚೆಗೆ ಮಾತು ಕೇಳಿಸಬೇಕೆಂದು ಹೊರಟುದರಿಂದ ನಮ್ಮ ನಾಡಿನಲ್ಲಿ ರೇಡಿಯೋ ಹುಟ್ಟಿತೆಂಬುದನ್ನು ನೆನೆದಾಗ ನನ್ನಂಥವರಿಗೆ ಸ್ವಲ್ಪ ಅಭಿಮಾನವಾಗುವುದು ಸಹಜ.

ಅದಾದ ಮೇಲೆ ಆಕಾಶವು ಇನ್ನೂ ಎತ್ತರಕ್ಕೆ ಹೋಯಿತು. 1975ನೆಯ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಎರವಲು ಪಡೆದು ಆರು ಪ್ರಾಂತಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಕಳುಹಿಸಿದರು. ಕರ್ನಾಟಕದ ಉತ್ತರಭಾಗದ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದುವು. ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ. ವರ್ಷ ಮುಗಿಯಿತು, ಉಪಗ್ರಹವು ತನ್ನ ಒಡೆಯರ ಕಡೆಗೆ ಹಿಂದಿರುಗಿತು. ಮುಂದೆ 2004ನೆಯ ಸೆಪ್ಟೆಂಬರ್ 20ರಂದು ವಿದ್ಯಾಭ್ಯಾಸಕ್ಕಾಗಿಯೇ ಮೀಸಲಾದ ಎಜುಸ್ಯಾಟ್ ಎಂಬ ನಮ್ಮದೇ ಉಪಗ್ರಹವನ್ನು ಶ್ರೀಹರಿಕೋಟೆಯಿಂದ ಹಾರಿಸಿದರು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಅದರ ಪಾಠಗಳನ್ನು ಬಿತ್ತರಿಸಿದರು. ಇವೆಲ್ಲವೂ ಮೆಚ್ಚತಕ್ಕ ಕಾರ್ಯಗಳೇ. ಸೋಲಿಗರ ಹಾಡಿಯ ಮಗುವಿಗೂ ಬೆಂಗಳೂರಿನ ಒಳ್ಳೆಯ ಉಪಾಧ್ಯಾಯರ ಪಾಠ ದೊರೆಯಬೇಕೆಂಬ ಆಶೆಯನ್ನು ಯಾರು ತಾನೆ ಹಳಿದಾರು? ಆದರೆ ಆ ಶಾಲೆಗಳ ಪೆಟ್ಟಿಗೆಗಳು ಮಾತನ್ನು ಕೊಡುತ್ತಿದ್ದುವೇ ಹೊರತು ತೆಗೆದುಕೊಳ್ಳುತ್ತಿರಲಿಲ್ಲ. ಮಗುವಿಗೆ ತಿಳಿಯಿತೋ ಇಲ್ಲವೋ ಎಂಬುದು ಪಾಠ ಹೇಳುತ್ತಿರುವವರಿಗೆ ಗೊತ್ತಾಗುವ ಬಗೆಯಿಲ್ಲ.

ಈ ಕೊರತೆಗೆ ಬಡವರ ಉಪಾಯವೊಂದನ್ನು 1974ರಲ್ಲಿ ನಿಕರಾಗುವ ಎಂಬ ಚಿಕ್ಕ ದೇಶದಲ್ಲಿ ಕಂಡುಕೊಂಡರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದವರೂ ಅಲ್ಲಿಯ ಉಪಾಧ್ಯಾಯರೂ ಸೇರಿ ಒಂದನೆಯ ತರಗತಿಯ ಮಕ್ಕಳಿಗೆ ರೇಡಿಯೋ ಮೂಲಕ ಲೆಕ್ಕದ ಪಾಠವನ್ನು ಏರ್ಪಡಿಸಿದರು. ರೇಡಿಯೋ ಲೆಕ್ಕ ಕೇಳುತ್ತದೆ, ಕೂಡಲೇ ಸುಮ್ಮನಾಗುತ್ತದೆ. ಮಕ್ಕಳೆಲ್ಲ ಕೂಗಿ ಉತ್ತರ ಹೇಳುತ್ತಾರೆ. ಅನಂತರ ರೇಡಿಯೋ ಸರಿಯುತ್ತರವನ್ನು ಹೇಳುತ್ತದೆ. ಕೆಲವು ಕ್ಷಣಗಳ ಮೌನವನ್ನು ಪಾಠದೊಳಗೆ ಹೊಲಿದುದಷ್ಟೇ ಅವರ ಹೊಸತನ. ಆ ಮಕ್ಕಳು ಲೆಕ್ಕದಲ್ಲಿ ಇತರರಿಗಿಂತ ಸ್ಪಷ್ಟವಾಗಿ ಮುಂದಾದರು. ಅಂಥ ಪಾಠಗಳು ಅನೇಕ ದೇಶಗಳಿಗೆ ಹಬ್ಬಿದುವು. ಈ ಶತಮಾನದಲ್ಲಿ ಕರ್ನಾಟಕದಲ್ಲಿಯೂ ‘ಚುಕ್ಕಿ ಚಿನ್ನ’ ಎಂಬ ಹೆಸರಿನಲ್ಲಿ ಇದೇ ಮಾದರಿಯ ರೇಡಿಯೋ ಪಾಠಗಳು ಪ್ರಸಾರವಾದುವು. ನಾನು ಪ್ರಾರಂಭದಲ್ಲಿ ಸುಮ್ಮನಾದುದು ಅವರಿಂದ ಕದ್ದ ವಿದ್ಯೆ.

ಇನ್ನು ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ನಾನು ಭೌತವಿಜ್ಞಾನದ ಉಪನ್ಯಾಸಕ. ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯ ಕೋಣೆಗೆ ಪ್ರೊಜೆಕ್ಟರನ್ನು ಹಾಕಿಸಿದರು. ನನಗೆ ಮಗುವಿಗೆ ಬೊಂಬೆ ಸಿಕ್ಕಂತಾಯಿತು. ರಾತ್ರಿ ಹನ್ನೆರಡರ ವರೆಗೆ ಕುಳಿತು ಯಂತ್ರಶಾಸ್ತ್ರದ ಪಾಠಗಳನ್ನೆಲ್ಲ ಬಣ್ಣಬಣ್ಣದ ಸ್ಲೈಡುಗಳಾಗಿ ಮಾಡಿದೆ. ಐವತ್ತು ನಿಮಿಷದ ಪಾಠಕ್ಕೆ ನಲವತ್ತು ಸ್ಲೈಡುಗಳು. ಹಿಂದೆ ಎರಡು ವಾರ ಹಿಡಿಯುತ್ತಿದ್ದ ಭಾಗವು ನಾಲ್ಕು ದಿವಸಕ್ಕೆ ಮುಗಿಯಿತು. ವಿದ್ಯಾರ್ಥಿಗಳು ತುಟಿಪಿಟಕ್ಕೆನ್ನದೆ ಕುಳಿತು ಬರೆದುಕೊಳ್ಳುತ್ತಿದ್ದರು. ಇಷ್ಟು ಶಿಸ್ತಿನ ತರಗತಿಯನ್ನು ನಾನು ಕಂಡೇ ಇರಲಿಲ್ಲವೆಂದು ಜೊತೆಯ ಉಪನ್ಯಾಸಕರೊಡನೆ ಕೊಚ್ಚಿಕೊಂಡದ್ದೂ ಉಂಟು.

ಒಂದು ದಿವಸ ನೋಟುಪುಸ್ತಕಗಳನ್ನು ತರಿಸಿಕೊಂಡು ನೋಡಿದೆ. ಮೇಲಕ್ಕೆಸೆದ ಕಲ್ಲಿನ ಚಿತ್ರ ಬಂತು. ಕಲ್ಲಿನಿಂದ ಮೇಲಕ್ಕೆ ಒಂದು ಉದ್ದನೆಯ ಬಾಣ. ಅದರ ಪಕ್ಕದಲ್ಲಿ ‘ಬಲ’ ಎಂದು ಬರೆದಿದೆ. ಎರಡನೆಯ ಪುಸ್ತಕದಲ್ಲಿಯೂ ಹಾಗೆಯೇ, ಮೂರನೆಯದರಲ್ಲಿಯೂ ಹಾಗೆಯೇ. ನನಗೆ ಸಿಟ್ಟು ಬಂತು. ಸ್ಲೈಡನ್ನು ತೆಗೆದು ನೋಡಿದಾಗ ಸಿಟ್ಟು ಇಳಿಯಿತು. ಅದು ವೇಗವನ್ನು ತೋರಿಸುವ ಬಾಣ. ಹಿಂದಿನ ಸ್ಲೈಡಿನಿಂದ ಅಕ್ಷರದ ಚೌಕವನ್ನು ಎತ್ತಿ ಇದರ ಪಕ್ಕಕ್ಕೆ ಅಂಟಿಸಿದಾಗ ‘ಬಲ’ ಎಂಬುದನ್ನು ‘ವೇಗ’ ಎಂದು ತಿದ್ದಲು ನಾನೇ ಮರೆತಿದ್ದೆ. ಎಪ್ಪತ್ತು ಮಂದಿ ಅದನ್ನು ಹಾಗೆಯೇ ಇಳಿಸಿಕೊಂಡಿದ್ದರು. ಒಬ್ಬರೂ ಕೈಯೆತ್ತಿರಲಿಲ್ಲ.

ಆ ಕಂತೆಯಲ್ಲಿ ಒಂದು ಪುಸ್ತಕ ಮಾತ್ರ ನನ್ನನ್ನು ತಡೆದು ನಿಲ್ಲಿಸಿತು. ಹಳ್ಳಿಯ ಕನ್ನಡ ಶಾಲೆಯಿಂದ ಬಂದಿದ್ದ ಹುಡುಗಿಯೊಬ್ಬಳ ಪುಸ್ತಕ ಅದು. ಆಕೆ ಮೊದಲು ಬಲದ ಬಾಣವನ್ನು ಕೆಳಮುಖವಾಗಿ ಹಾಕಿ, ಅದನ್ನು ಗೀಟೆಳೆದು ಹೊಡೆದು, ಪಕ್ಕದಲ್ಲಿ ನನ್ನ ಸ್ಲೈಡಿನಂತೆ ಬರೆದುಕೊಂಡಿದ್ದಳು. ಮಾರನೆಯ ದಿವಸ ಕರೆದು ಕೇಳಿದೆ.

“ಮೊದಲು ಹೀಗೆ ಬರೆದಿದ್ದೀಯಲ್ಲಮ್ಮ, ಏಕೆ ಹೊಡೆದುಹಾಕಿದೆ?”

“ಪರದೆ ಮೇಲೆ ಬೇರೆ ಥರ ಇತ್ತು ಸಾರ್.”

“ಹಾಗಾದರೆ ನನ್ನನ್ನು ಕೇಳಬಹುದಾಗಿತ್ತಲ್ಲ?”

“ಅಷ್ಟರಲ್ಲಿ ಮುಂದಿನದು ಬಂದ್ಬಿಟ್ಟಿತ್ತು ಸಾರ್.”

ಆ ಹುಡುಗಿಗೆ ಸರಿಯಾದುದು ಗೊತ್ತಿತ್ತು. ನಾನು ಅದನ್ನು ಅವಳಿಂದ ಹೊಡೆದುಹಾಕಿಸಿದ್ದೆ. ಕಲಿಸುವುದಕ್ಕೆ ಸಂಬಳ ತೆಗೆದುಕೊಳ್ಳುವವನಿಗೆ ಇದಕ್ಕಿಂತ ನಾಚಿಕೆಯ ಸಂಗತಿ ಬೇರೊಂದು ಬೇಕೆ? ಹಲಗೆಯ ಮೇಲೆ ನಾನೇ ಬರೆದಿದ್ದರೆ ಪ್ರಾಯಶಃ ಈ ತಪ್ಪು ಆಗುತ್ತಿರಲಿಲ್ಲ. ಆದರೂ ಬಾಣ ಎಳೆದು ಹೆಸರು ಬರೆಯುವಷ್ಟರಲ್ಲಿ ಅವಳಿಗೆ ಕೈಯೆತ್ತಲು ಹೊತ್ತು ಸಿಕ್ಕುತ್ತಿತ್ತು. ಪ್ರೊಜೆಕ್ಟರಿನ ಮೇಲೆ ಈ ದೋಷವನ್ನು ಹೊರಿಸುವುದು ನ್ಯಾಯವಲ್ಲ. ಅದು ನಾನು ಹೇಳಿದ ವೇಗದಲ್ಲಿ ಓಡಿತು, ಅಷ್ಟೆ. ಅವಸರವೂ ಡಂಬವೂ ನನ್ನವು.

ಇದೇ ಗೊಂದಲದಲ್ಲಿ ನನಗಿಂತ ಬಹಳ ದೊಡ್ಡವರೊಬ್ಬರು ಮೊದಲೇ ಸಿಕ್ಕಿಕೊಂಡಿದ್ದರೆಂದು ಆಮೇಲೆ ತಿಳಿಯಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಎರಿಕ್ ಮಜೂರ್ ಅವರು 1984ರಿಂದ ಅಲ್ಲಿ ಭೌತವಿಜ್ಞಾನವನ್ನು ಬೋಧಿಸುತ್ತಿದ್ದರು. ವಿದ್ಯಾರ್ಥಿಗಳು ಅವರನ್ನು ಹೊಗಳುತ್ತಿದ್ದರು. 1985ರಲ್ಲಿ ಅರಿಜ಼ೋನದ ಹಲೂನ್ ಮತ್ತು ಹೆಸ್ಟೀನ್ಸ್ ಎಂಬ ಇಬ್ಬರು ವಿದ್ವಾಂಸರು, ಬಲ ಚಲನೆಗಳ ವಿಷಯದಲ್ಲಿ ವಿದ್ಯಾರ್ಥಿಗಳು ಹೊರಗಿನಿಂದ ತರುವ ತಪ್ಪು ಭಾವನೆಗಳು ವರ್ಷಪೂರ್ತಿ ಪಾಠ ಕೇಳಿದರೂ ಹೋಗುವುದಿಲ್ಲವೆಂದು ತೋರಿಸಿಕೊಟ್ಟಿದ್ದರು. ಮಜೂರರು ಆ ಲೇಖನಗಳನ್ನು ಓದಿ, ತಮ್ಮ ಶಿಷ್ಯರು ಹಾಗಿರಲಾರರೆಂಬ ಧೈರ್ಯದಿಂದ ಅದೇ ಪ್ರಶ್ನೆಗಳನ್ನು ಕೊಟ್ಟರು. ಆಗ ಒಬ್ಬ ವಿದ್ಯಾರ್ಥಿನಿಯು, ಇವಕ್ಕೆ ತಾವು ಕಲಿಸಿದಂತೆ ಉತ್ತರ ಬರೆಯಲೋ, ನನಗೆ ತೋರುವಂತೆ ಬರೆಯಲೋ ಎಂದು ಕೇಳಿದಳಂತೆ. ಕಠಿನವಾದ ಲೆಕ್ಕಗಳನ್ನು ಸೂತ್ರಹಾಕಿ ಬಿಡಿಸಬಲ್ಲ ಹುಡುಗರು ಸಾದಾ ಪ್ರಶ್ನೆಗಳಲ್ಲಿ ಮುಗ್ಗರಿಸಿದರು.

ಅಂದಿನಿಂದ ಮಜೂರರು ಉಪನ್ಯಾಸದ ನಡುನಡುವೆ ನಿಲ್ಲಿಸಿ ಒಂದು ಪ್ರಶ್ನೆ ಹಾಕುವ ಪದ್ಧತಿಯನ್ನಿಟ್ಟುಕೊಂಡರು. ಪ್ರತಿಯೊಬ್ಬನೂ ಮೊದಲು ತಾನೊಬ್ಬನೇ ಯೋಚಿಸಿ ಉತ್ತರವನ್ನು ಸೂಚಿಸಬೇಕು. ಎಲ್ಲರಿಗೂ ತಿಳಿದಿದ್ದರೆ ಮುಂದಕ್ಕೆ ಹೋಗುವುದು. ಯಾರಿಗೂ ತಿಳಿದಿಲ್ಲದಿದ್ದರೆ ಮತ್ತೆ ವಿವರಿಸುವುದು. ಅರ್ಧಕ್ಕರ್ಧ ಮಂದಿ ಸರಿ, ಅರ್ಧಕ್ಕರ್ಧ ಮಂದಿ ತಪ್ಪು ಎನ್ನುವಂತಿದ್ದರೆ, ಪಕ್ಕದವನನ್ನು ಒಪ್ಪಿಸಿರೆಂದು ಹೇಳಿ ಬಿಟ್ಟುಬಿಡುವುದು. ಎರಡು ಮೂರು ನಿಮಿಷ ಗದ್ದಲ. ಅನಂತರ ಮತ್ತೊಮ್ಮೆ ಉತ್ತರ. ನಿನ್ನೆಯೋ ಈಗಲೋ ತಿಳಿದುಕೊಂಡ ಹುಡುಗನಿಗೆ ತೊಡಕು ಎಲ್ಲಿದೆಯೆಂಬುದು ನೆನಪಿರುತ್ತದೆ. ಇಪ್ಪತ್ತು ವರ್ಷದಿಂದ ಅದನ್ನೇ ಹೇಳುತ್ತಿರುವ ನಮಗೆ ಅದು ಮರೆತೇಹೋಗಿರುತ್ತದೆ.

ಉತ್ತರವನ್ನು ಸೂಚಿಸಲು ಅಲ್ಲಿ ‘ಕ್ಲಿಕ್ಕರ್’ ಎಂಬ ಕೈಗುಂಡಿಯ ಯಂತ್ರಗಳು ಬಂದುವು. ಗುಂಡಿ ಒತ್ತಿದರೆ ಲೆಕ್ಕ ಪರದೆಯ ಮೇಲೆ ಬರುತ್ತದೆ. ಇದೇ ರಹಸ್ಯವೆಂದು ತಿಳಿದು ಎಷ್ಟೋ ಕಡೆ ಸಾವಿರಗಟ್ಟಲೆ ಕ್ಲಿಕ್ಕರುಗಳನ್ನು ಕೊಂಡರು. ಕೆನಡಾದ ಒಂದು ಕಲಾಶಾಲೆಯಲ್ಲಿ ಪಾಠ ಹೇಳುತ್ತಿದ್ದ ನಥಾನಿಯೆಲ್ ಲಾಸ್ರಿಯವರು ಒಂದು ಗುಂಪಿಗೆ ಕ್ಲಿಕ್ಕರನ್ನೂ ಇನ್ನೊಂದು ಗುಂಪಿಗೆ ರಟ್ಟಿನ ಚೀಟಿಗಳನ್ನೂ ಕೊಟ್ಟು ಇದೇ ಪದ್ಧತಿಯಿಂದ ಕಲಿಸಿ ನೋಡಿದರು; 2008ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ ಕಲಿಕೆಯಲ್ಲಿ ಎರಡು ಗುಂಪುಗಳಿಗೂ ಗಮನಾರ್ಹವಾದ ವ್ಯತ್ಯಾಸವಿರಲಿಲ್ಲ. ಅದನ್ನು ಓದಿದ ವಾರವೇ ನಾನು ಪುಸ್ತಕದಂಗಡಿಗೆ ಹೋಗಿ ನಾಲ್ಕು ಬಣ್ಣದ ರಟ್ಟನ್ನು ತಂದೆ. ಮನೆಯಲ್ಲಿ ಮಕ್ಕಳು ಕತ್ತರಿಸಿಕೊಟ್ಟರು.

ಈಗ ನನ್ನ ತರಗತಿಯಲ್ಲಿ ಶಿಸ್ತಿಲ್ಲ. ಮೂರು ನಿಮಿಷ ಸಂತೆಯಂತೆ ಗದ್ದಲವಾಗುತ್ತದೆ. ಪಕ್ಕದ ಕೋಣೆಯವರು ಒಂದೆರಡು ಬಾರಿ ಬಂದು ಇಣುಕಿ ನೋಡಿದ್ದಾರೆ. ನಾನು ಗಮನಿಸಿದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಪಠ್ಯಪುಸ್ತಕ ಇಂಗ್ಲಿಷಿನದು, ನನ್ನ ಉಪನ್ಯಾಸವೂ ಬಹಳ ಮಟ್ಟಿಗೆ ಇಂಗ್ಲಿಷಿನದು. ಆದರೆ ಹುಡುಗರ ವಾದವೆಲ್ಲ ಕನ್ನಡದಲ್ಲಿ. “ಕೈ ಬಿಟ್ಟಮೇಲೆ ತಳ್ಳೋರು ಯಾರೋ?” ಎಂದು ಒಬ್ಬನು ಕೇಳಿದರೆ, ನ್ಯೂಟನ್ನನ ನಿಯಮವನ್ನು ನಾನು ಬೋಧಿಸಿದ ಬಗೆಗಿಂತ ಅದು ಎಷ್ಟೋ ಚೆನ್ನಾಗಿರುತ್ತದೆ. ಹಳ್ಳಿಯ ಶಾಲೆಗಳಿಂದ ಬಂದ ಮಕ್ಕಳು ಇಂಗ್ಲಿಷಿನಲ್ಲಿ ಎದ್ದುನಿಂತು ಪ್ರಶ್ನೆ ಕೇಳಲು ಅಳುಕುತ್ತಾರೆ. ಬಣ್ಣದ ರಟ್ಟನ್ನು ಎತ್ತುವುದಕ್ಕೆ ಯಾವ ಭಾಷೆಯೂ ಬೇಡ.

ಇಷ್ಟು ಹೇಳಿದುದರಿಂದ ನಾನು ಯಂತ್ರದ್ವೇಷಿಯೆಂದು ತಾವು ಭಾವಿಸಕೂಡದು. ಹಲಗೆಯಿಂದ ಎಂದಿಗೂ ಆಗದ ಕೆಲಸಗಳುಂಟು. ವಿದ್ಯುತ್ತಿನ ಪಾಠವನ್ನೇ ನೋಡಿ. ಬ್ಯಾಟರಿಯಿಂದ ಹೊರಟ ಪ್ರವಾಹವು ದೀಪದಲ್ಲಿ ಸ್ವಲ್ಪ ಖರ್ಚಾಗಿ ಉಳಿದದ್ದು ಹಿಂದಿರುಗುತ್ತದೆಂದು ನಮ್ಮ ಹುಡುಗರಲ್ಲಿ ಅನೇಕರು ನಂಬಿರುತ್ತಾರೆ. ತಂತಿಯೊಳಗನ್ನು ಕಣ್ಣಿಗೆ ಕಾಣಿಸುವುದು ಹೇಗೆ? ಭೌತವಿಜ್ಞಾನದಲ್ಲಿ ನೊಬೆಲ್ ಬಹುಮಾನ ಪಡೆದ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೆರಿಕದ ಕೊಲರಾಡೋ ವಿಶ್ವವಿದ್ಯಾನಿಲಯದಲ್ಲಿ ‘ಫೆಟ್’ ಎಂಬ ಯೋಜನೆಯನ್ನು ಪ್ರಾರಂಭಿಸಿದರು. ಕಂಪ್ಯೂಟರಿನ ಪರದೆಯ ಮೇಲೆಯೇ ತಂತಿ, ಬ್ಯಾಟರಿ, ದೀಪಗಳನ್ನು ಜೋಡಿಸಬಹುದು. ತಂತಿಯೊಳಗೆ ಚುಕ್ಕಿಗಳು ಹರಿಯುತ್ತವೆ. ದೀಪಕ್ಕೆ ಮೊದಲು ಎಷ್ಟು ವೇಗವೋ ದೀಪ ದಾಟಿದ ಮೇಲೂ ಅಷ್ಟೇ. ಇದಕ್ಕೆ ಹಣ ಕೊಡಬೇಕಾಗಿಲ್ಲ. ಇವುಗಳಲ್ಲಿ ಕೆಲವು ಕನ್ನಡದಲ್ಲಿಯೂ ಉಂಟು. 2005ರಲ್ಲಿ ಪ್ರಕಟವಾದ ಅಲ್ಲಿಯ ಒಂದು ಪರಿಶೋಧನೆಯಲ್ಲಿ, ಈ ಚಿತ್ರದ ತಂತಿಗಳಲ್ಲಿ ಅಭ್ಯಾಸಮಾಡಿದವರು ನಿಜವಾದ ತಂತಿಗಳಲ್ಲಿ ಅಭ್ಯಾಸಮಾಡಿದವರಿಗಿಂತ ವಿಷಯವನ್ನು ಚೆನ್ನಾಗಿ ತಿಳಿದುಕೊಂಡರು. ಆಶ್ಚರ್ಯವೇನೆಂದರೆ ನಿಜವಾದ ಮಂಡಲವನ್ನು ಜೋಡಿಸುವುದರಲ್ಲಿಯೂ ಅವರೇ ಮುಂದಾದರು. ನಾನು ಇದನ್ನು ಉಪಯೋಗಿಸುವಾಗ ಒಂದು ನಿಯಮವನ್ನಿಟ್ಟುಕೊಂಡಿದ್ದೇನೆ: ಏನಾಗುತ್ತದೆಂದು ಎಲ್ಲರೂ ರಟ್ಟೆತ್ತಿ ಹೇಳುವವರೆಗೆ ಗುಂಡಿ ಒತ್ತುವುದಿಲ್ಲ. ಮೊದಲೇ ಒತ್ತಿದರೆ ಅದೂ ಒಂದು ಸಿನಿಮಾ.

ಕಣ್ಣಿಲ್ಲದ ವಿದ್ಯಾರ್ಥಿಗಳ ಮಾತನ್ನಂತೂ ಹೇಳಲೇಬೇಕು. ಬರೆದುದನ್ನು ಗಟ್ಟಿಯಾಗಿ ಓದಿಹೇಳುವ ‘ಎನ್‌ವಿಡಿಎ’ ಎಂಬ ತಂತ್ರಾಂಶವು ಕನ್ನಡವನ್ನೂ ಓದುತ್ತದೆ, ಬೆಲೆಯೂ ಇಲ್ಲ. ಅದರ ಉಚ್ಚಾರಣೆ ನಮಗೆ ನಗು ತರಿಸಬಹುದು. ಓದಿಹೇಳುವವರಿಗಾಗಿ ದಿನವೆಲ್ಲ ಕಾದು ಕುಳಿತಿರಬೇಕಾಗಿದ್ದವರಿಗೆ ಅದರ ಬೆಲೆ ಗೊತ್ತು.

ಯಂತ್ರವನ್ನು ಕೊಟ್ಟ ಮಾತ್ರಕ್ಕೆ ವಿದ್ಯೆ ಬಾರದೆಂಬುದಕ್ಕೆ ಪೆರು ದೇಶದ ದೃಷ್ಟಾಂತವು ಪ್ರಸಿದ್ಧವಾಗಿದೆ. ‘ಮಗುವಿಗೊಂದು ಕಂಪ್ಯೂಟರು’ ಎಂಬ ಯೋಜನೆಯಂತೆ ಅಲ್ಲಿ ಲಕ್ಷಗಟ್ಟಲೆ ಕಂಪ್ಯೂಟರುಗಳನ್ನು ಹಂಚಿದರು. ಹಳ್ಳಿಗಾಡಿನ 319 ಶಾಲೆಗಳಲ್ಲಿ ವಿಚಾರಿಸಿ 2012ರಲ್ಲಿ ಪ್ರಕಟಿಸಿದ ವರದಿಯು, ಲೆಕ್ಕದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳು ಮುಂದುವರಿದುದಕ್ಕೆ ಆಧಾರ ಕಾಣಲಿಲ್ಲವೆಂದು ತಿಳಿಸಿತು. ಪೆಟ್ಟಿಗೆ ಬಂತು, ಅದರಿಂದ ಏನು ಮಾಡಬೇಕೆಂಬುದು ಉಪಾಧ್ಯಾಯರಿಗೆ ಸಾಕಷ್ಟು ತಿಳಿದುಬರಲಿಲ್ಲ.

ಈಚೆಗೆ ಬಂದಿರುವ ಕೃತಕ ಬುದ್ಧಿಯ ಯಂತ್ರಗಳ ವಿಷಯದಲ್ಲಿ ತಂದೆತಾಯಿಗಳು ನನ್ನನ್ನು ಆಗಾಗ್ಗೆ ಕೇಳುತ್ತಾರೆ. 2022ರ ಕಡೆಯಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಮನೆಲೆಕ್ಕವನ್ನು ಯಾರು ಮಾಡಿದರೆಂಬುದನ್ನು ಹೇಳುವುದೇ ಕಷ್ಟವಾಗಿದೆ. ಟರ್ಕಿ ದೇಶದ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ಗಣಿತದಲ್ಲಿ ನಡೆದ ಪ್ರಯೋಗವೊಂದು ನನಗೆ ಬಹಳ ಬೋಧಪ್ರದವಾಗಿ ತೋರಿತು. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಯಂತ್ರವನ್ನು ಪಡೆದವರು ಅಭ್ಯಾಸದ ಹೊತ್ತಿನಲ್ಲಿ ನೂರಕ್ಕೆ 48ರಷ್ಟು ಹೆಚ್ಚು ಚೆನ್ನಾಗಿ ಮಾಡಿದರು. ಆಮೇಲೆ ಯಂತ್ರವನ್ನು ಕಿತ್ತುಕೊಂಡು ಪರೀಕ್ಷೆಮಾಡಿದಾಗ, ಯಂತ್ರವನ್ನು ಕಂಡೇ ಇಲ್ಲದವರಿಗಿಂತ ನೂರಕ್ಕೆ 17ರಷ್ಟು ಕೆಳಗಿಳಿದರು. ಇನ್ನೊಂದು ಗುಂಪಿಗೆ ಕೊಟ್ಟ ಯಂತ್ರವು ಉತ್ತರವನ್ನು ಬಿಟ್ಟುಕೊಡದೆ ಉಪಾಧ್ಯಾಯರು ಬರೆದುಕೊಟ್ಟ ಸುಳಿವುಗಳನ್ನು ಮಾತ್ರ ಹೇಳುತ್ತಿತ್ತು. ಆ ಗುಂಪಿನವರಿಗೆ ಈ ನಷ್ಟ ಬಹುಮಟ್ಟಿಗೆ ತಪ್ಪಿತು. ಎರಡೂ ಒಂದೇ ಯಂತ್ರ. ಒಂದು ಮಾತಾಡುತ್ತಲೇ ಇತ್ತು. ಇನ್ನೊಂದಕ್ಕೆ ಯಾವಾಗ ಸುಮ್ಮನಿರಬೇಕೆಂಬುದನ್ನು ಕಲಿಸಿದ್ದರು.

2020ನೆಯ ಮಾರ್ಚಿಯಲ್ಲಿ ಶಾಲೆಗಳು ಮುಚ್ಚಿದಾಗ ಇವೆಲ್ಲಕ್ಕೂ ಒಂದು ದೊಡ್ಡ ಪರೀಕ್ಷೆಯಾಯಿತು. ದೂರದರ್ಶನದ ಚಂದನವಾಹಿನಿಯಲ್ಲಿ ‘ಸಂವೇದ’ ಎಂಬ ಪಾಠಗಳು ಬಂದುವು. ನಾವು ಮೊಬೈಲಿನ ಮುಂದೆ ಕುಳಿತು ಪಾಠ ಹೇಳಿದೆವು. ನಾನು ಎಪ್ಪತ್ತು ಕರಿಚೌಕಗಳ ಮುಂದೆ ಮಾತನಾಡುತ್ತಿದ್ದೆ. ಅವುಗಳಲ್ಲಿ ಕೆಲವಕ್ಕೆ ಹೆಸರಿತ್ತು, ಒಂದಕ್ಕೂ ಮುಖವಿರಲಿಲ್ಲ. ಮನೆಗೆ ಒಂದೇ ಮೊಬೈಲು, ಅದೂ ಕೂಲಿಗೆ ಹೋದ ತಂದೆಯ ಕಿಸೆಯಲ್ಲಿ, ಎಂಬಂಥವರು ಎಷ್ಟೋ ಮಂದಿ. ಆ ವರ್ಷದ ಆಗಸ್ಟಿನಲ್ಲಿ ಕರ್ನಾಟಕದ ಶಾಲೆಗಳಲ್ಲಿ ‘ವಿದ್ಯಾಗಮ’ವೆಂದು ಒಂದು ಕ್ರಮ ಬಂತು. ಉಪಾಧ್ಯಾಯರೇ ಮಕ್ಕಳಿದ್ದ ಕೇರಿಗಳಿಗೆ ಹೋಗಿ ದೇವಸ್ಥಾನದ ಜಗಲಿಯಲ್ಲೋ ಅರಳಿಕಟ್ಟೆಯ ಮೇಲೋ ಗುಂಪು ಕೂಡಿಸಿ ಪಾಠ ಹೇಳಿದರು. ರೋಗದ ಭಯದಿಂದ ಅದನ್ನು ಕೆಲವು ಕಾಲ ನಿಲ್ಲಿಸಬೇಕಾಯಿತು. ಅದರ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಆದರೆ ಮೂರನೆಯ ತರಗತಿಯ ಮಗುವಿನ ಕಣ್ಣನ್ನು ನೋಡಿ, ಇವನಿಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಬೇಕು ಎಂದು ತೀರ್ಮಾನಿಸುವ ಕೆಲಸವನ್ನು ಯಾವ ಉಪಗ್ರಹದಿಂದಲೂ ಮಾಡಲಾಗದುದನ್ನು ಆ ಜಗಲಿಯ ಮೇಲೆ ಮಾಡುತ್ತಿದ್ದರು.

ಆದುದರಿಂದ ನಮ್ಮ ಶಾಲೆಗೆ ಯಾವ ಯಂತ್ರವನ್ನು ಕೊಳ್ಳಬೇಕೆಂದು ಸಲಹೆ ಕೇಳುವ ಮುಖ್ಯೋಪಾಧ್ಯಾಯರಿಗೆ ನಾನು ಒಂದು ಎದುರುಪ್ರಶ್ನೆ ಹಾಕುತ್ತೇನೆ: ಈ ಯಂತ್ರ ನಡೆಯುತ್ತಿರುವಾಗ ಮಕ್ಕಳು ಏನು ಮಾಡುತ್ತಿರುತ್ತಾರೆ? ನೋಡುತ್ತಿರುತ್ತಾರೆ ಎಂದು ಉತ್ತರ ಬಂದರೆ, ಆ ಹಣದಲ್ಲಿ ಮೊದಲು ಮಳೆಗೆ ಸೋರುವ ಮಾಡನ್ನು ರಿಪೇರಿಮಾಡಿಸಿ ಎನ್ನುತ್ತೇನೆ. ಇದರಿಂದ ಒಬ್ಬಿಬ್ಬರು ನನ್ನ ಮೇಲೆ ಬೇಸರಪಟ್ಟುಕೊಂಡಿದ್ದಾರೆ. ನನ್ನ ಪ್ರೊಜೆಕ್ಟರು ಈಗಲೂ ಇದೆ. ನಲವತ್ತಿದ್ದ ಸ್ಲೈಡುಗಳು ಆರೋ ಏಳೋ ಆಗಿವೆ. ಪ್ರತಿಯೊಂದು ಚಿತ್ರದ ಮುಂದೆಯೂ ಒಂದು ಖಾಲಿ ಕರಿಯ ಸ್ಲೈಡನ್ನು ಇಟ್ಟಿದ್ದೇನೆ. ಅದು ಬಂದಾಗ ಹುಡುಗರು ತಾವೇ ರಟ್ಟನ್ನು ಕೈಗೆ ತೆಗೆದುಕೊಳ್ಳುತ್ತಾರೆ.

ಕಲ್ಲಿನ ವಿಷಯ. ಉತ್ತರವು ಕೆಳಮುಖ, ಅದೊಂದೇ. ಕೈಯು ಕಲ್ಲಿಗೆ ವೇಗವನ್ನು ಕೊಟ್ಟು ಬಿಟ್ಟಿತು, ಬಲವನ್ನು ಕಟ್ಟಿಕಳುಹಿಸಲಿಲ್ಲ. ಏರುತ್ತಿರುವಾಗಲೂ, ತುದಿಯಲ್ಲಿ ಕ್ಷಣಕಾಲ ನಿಂತಾಗಲೂ, ಇಳಿಯುವಾಗಲೂ ಭೂಮಿಯ ಸೆಳೆತವೊಂದೇ ಅದರ ಮೇಲಿರುತ್ತದೆ. ಮೇಲಕ್ಕೂ ಬಲವುಂಟೆಂದು ಯೋಚಿಸಿದವರು ನಾಚಬೇಕಾಗಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಮಹಾಪಂಡಿತನಾದ ಬುರಿಡಾನನೂ, ಎಸೆದ ವಸ್ತುವಿನೊಳಗೆ ಎಸೆದವನು ಒಂದು ಚೋದನೆಯನ್ನು ತುಂಬಿ ಕಳುಹಿಸುತ್ತಾನೆಂದು ವಾದಿಸಿದ್ದನು. ಇನ್ನೂ ಒಪ್ಪಿಗೆಯಾಗದವರು ಪಕ್ಕದವರೊಡನೆ ಚರ್ಚೆಮಾಡಬಹುದು. ನನಗೆ ಕೊಟ್ಟಿದ್ದ ಕಾಲ ಮುಗಿಯಿತು.